ಗೋದಕ್ಕನ ಹಸೆಮಣೆಗೆ ಇಸ್ತ್ರಿ

ಮರಕ್ಕೆ ಬಿದ್ದ ನೆಗ್ಗನ್ನು ಮತ್ತೆ ಮೇಲಕ್ಕೆ ಎಬ್ಬಿಸಬಹುದು ಎಂಬ ವಿಷಯ ಇಡೀ ವೈಯಾಲಿಕಾವಲಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಹಾಗಂತ ನಾನು ಬಡಗಿಯಲ್ಲ. ಒಂದು ವಿಮಾ ಕಚೇರಿಯಲ್ಲಿ ಹೆಡ್ ಕ್ಲರ್ಕು, ಹೆಸರು ವಾದಿರಾಜ. ಸ್ಕೂಟರ್ ಶೆಡ್ಡಿನ ಅರ್ಧಭಾಗಕ್ಕೆ ವರ್ಕ್‌ಶಾಪ್ ಎಂದು ನಾಮಕರಣ ಮಾಡಿ, ಒಂದು ಗರಗಸ, ಎರಡು ಉಳಿ ಮತ್ತು ಯಾವ ತೂತಿಗೂ ಹೊಂದದ ಹನ್ನೆರಡು ಬಗೆಯ ಮೊಳೆಗಳನ್ನು ಅಲ್ಲಿ ಜೋಡಿಸಿಟ್ಟಿದ್ದೆ. ನನ್ನ ಹೆಂಡತಿ ಸುಪ್ರಜಾ ಮಾತ್ರ ಅದನ್ನು ಶೆಡ್ಡು ಎಂದೇ ಕರೆಯುತ್ತಿದ್ದಳು.

ವಿಧಾನ ಸುಲಭ. ಏಟು ಬಿದ್ದಾಗ ಮರದ ನಾರು ತುಂಡಾಗಿರುವುದಿಲ್ಲ, ಕುಗ್ಗಿ ಕೂತಿರುತ್ತದೆ ಅಷ್ಟೆ. ಅಲ್ಲಿಗೆ ನೀರು ಕುಡಿಸಿ, ಒದ್ದೆ ಬಟ್ಟೆ ಹಾಸಿ, ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆ ಒಳಗಿಳಿದು ನಾರು ಉಬ್ಬಿ ಏಳುತ್ತದೆ. ಇದನ್ನು ಭಾನುವಾರದ ಪುರವಣಿಯೊಂದರಲ್ಲಿ ಓದಿ, ಮನೆಯ ಚಪಾತಿ ಮಣೆಯ ಮೇಲೆ ಪ್ರಯೋಗ ಮಾಡಿ ಗೆದ್ದಿದ್ದೆ. ಆಮೇಲೆ ಬಂದ ನೆಂಟರಿಗೆಲ್ಲ ಆ ಮಣೆ ತೋರಿಸಿ, ನೆಗ್ಗು ಎಲ್ಲಿತ್ತು ಹೇಳಿ ನೋಡೋಣ ಎನ್ನುತ್ತಿದ್ದೆ. ಯಾರೂ ಹೇಳುತ್ತಿರಲಿಲ್ಲ. ಅವರ ಗಮನವೆಲ್ಲ ಕಾಫಿಯ ಮೇಲೆ ಇರುತ್ತಿತ್ತು.

ಇಷ್ಟು ವಿದ್ಯೆ ಇದ್ದವನಿಗೆ ಒಂದು ದೊಡ್ಡ ಪರೀಕ್ಷೆ ಬರಲೇಬೇಕಲ್ಲ, ೧೯೯೭ರ ಏಪ್ರಿಲ್‌ನಲ್ಲಿ ಬಂತು.

ಸುಪ್ರಜಾಗೆ ಒಬ್ಬ ಅಣ್ಣ, ಒಬ್ಬಳು ಅಕ್ಕ. ಅಣ್ಣ ಶ್ರೀಪತಿ, ನನಗೆ ಭಾವ, ನಮ್ಮ ಪಕ್ಕದ ಬೀದಿಯಲ್ಲಿದ್ದರು. ಅಕ್ಕ ಗೋದಾವರಿ, ಎಲ್ಲರಿಗೂ ಗೋದಕ್ಕ, ಚಾಮರಾಜಪೇಟೆಯಲ್ಲಿ. ಇಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಭಾವ ಹೊಸ ಮನೆಯ ಗೃಹಪ್ರವೇಶ ಮಾಡಿದಾಗ ಗೋದಕ್ಕನ ಯಜಮಾನರು ತೀರಿಕೊಂಡು ವರ್ಷ ಕಳೆದಿತ್ತು. ಮನೆಗೆ ಹಿರಿಯರಾದ ಅವರು ಎಂದಿನ ಅಭ್ಯಾಸದಂತೆ ಆರತಿ ತಟ್ಟೆಗೆ ಕೈಹಾಕಿದರು. ಭಾವ ಸುತ್ತಲಿನವರ ಮುಖ ನೋಡಿ, ‘ನೀನು ಸ್ವಲ್ಪ ಪಕ್ಕಕ್ಕೆ ಇರಕ್ಕ’ ಎಂದುಬಿಟ್ಟರು. ಪಕ್ಕಕ್ಕೆ ಸರಿದ ಗೋದಕ್ಕ ಹಾಗೇ ಗೇಟು ದಾಟಿ, ಬಸ್ಸು ಹತ್ತಿ ಹೊರಟುಹೋದರು. ಅಂದಿನಿಂದ ಆ ಇಬ್ಬರ ನಡುವೆ ಏನೇ ಸುದ್ದಿ ದಾಟಬೇಕಾದರೂ ನನ್ನ ಮೂಲಕವೇ. ಅಪ್ಪನ ತಿಥಿಯ ದಿನ ಯಾವುದು ಎಂಬುದನ್ನೂ ನಾನೇ ಆ ಕಡೆಯಿಂದ ಈ ಕಡೆಗೆ ಹೊತ್ತಿದ್ದೇನೆ.

ಈಗ ಭಾವನ ಮಗಳು ಆರಾಧನಾಳ ಮದುವೆ. ಹುಡುಗಿ ಹಟಮಾರಿ. ಅತ್ತೆ ಬರೆದ ಹಸೆಯ ಮೇಲೆ ಕೂರುತ್ತೇನೆ, ಇಲ್ಲದಿದ್ದರೆ ನಿಂತೇ ತಾಳಿ ಕಟ್ಟಿಸಿಕೊಳ್ಳುತ್ತೇನೆ ಎಂದು ಅಪ್ಪನಿಗೆ ಹೇಳಿ, ತಾನೇ ಚಾಮರಾಜಪೇಟೆಗೆ ಹೋಗಿ ಕರೆದು ಬಂದಳು. ಅವರ ವಂಶದ ಹಸೆಮಣೆ ಗೋದಕ್ಕನ ಮನೆಯಲ್ಲೇ ಇತ್ತು. ಇಬ್ಬರು ಕೂರುವಷ್ಟು ಉದ್ದದ ಹಲಸಿನ ಹಲಗೆ, ನಾಲ್ಕು ಮೂಲೆಗೆ ಹಿತ್ತಾಳೆ. ನಮ್ಮ ಮದುವೆಯೂ ಅದರ ಮೇಲೇ ಆಗಿದ್ದು. ಗೋದಕ್ಕ ಹೇಳಿ ಕಳಿಸಿದ ಉತ್ತರವನ್ನು ನಾನು ಭಾವನಿಗೆ ಇದ್ದದ್ದು ಇದ್ದ ಹಾಗೇ ಒಪ್ಪಿಸಿದೆ: ಮದುವೆಯ ಹಿಂದಿನ ದಿನ, ಭಾನುವಾರ, ವಾದಿರಾಜ ಬಂದು ಮಣೆ ಒಯ್ಯಲಿ. ನಾಲ್ಕು ಗಂಟೆಗೆ ನಾನು ಅವನ ಮನೆಗೆ ಬಂದು ಹಸೆ ಬರೆಯುತ್ತೇನೆ. ಮದುವೆಗೆ ಬರುವುದು ಬಿಡುವುದು ಆಮೇಲೆ ನೋಡೋಣ.

ಭಾವ, ಅಕ್ಕನಿಗೆ ಎಪ್ಪತ್ತೊಂದು, ಈ ಸಲ ತಪ್ಪಿದರೆ ಇನ್ನೊಂದು ಸಲ ಅನ್ನುವುದು ಇರುವುದಿಲ್ಲ ಎಂದರು. ಮಣೆ ಹುಷಾರು ಎಂದೂ ಹೇಳಿದರು. ಮರದ ವಿಷಯ ನನಗೆ ಬಿಡಿ ಎಂದೆ.

ಭಾನುವಾರ ಬೆಳಿಗ್ಗೆ ಮಣೆಯನ್ನು ಸ್ಕೂಟರಿನಲ್ಲಿ ಎರಡು ಕಾಲ ನಡುವೆ ನಿಲ್ಲಿಸಿಕೊಂಡು ಹೊರಟೆ. ಆಟೋದಲ್ಲಿ ಹೋಗು ಎಂದಿದ್ದಳು ಸುಪ್ರಜಾ. ಮೆಜೆಸ್ಟಿಕ್ ದಾಟಿ ಶೇಷಾದ್ರಿಪುರದವರೆಗೆ ನಾನೂ ಮಣೆಯೂ ಸುಖವಾಗಿ ಬಂದೆವು. ಅಲ್ಲಿ ಒಂದು ಹಸು ರಸ್ತೆಯ ಮಧ್ಯೆ ಮನಸ್ಸು ಬದಲಾಯಿಸಿತು. ನಾನು ಬ್ರೇಕು ಒತ್ತಿದೆ, ಮಣೆ ಒತ್ತಲಿಲ್ಲ. ಅದು ಮುಂದಕ್ಕೆ ಜಿಗಿದು, ಫುಟ್‌ಪಾತಿನ ಕಲ್ಲಂಚಿಗೆ ಮುಖ ಕೊಟ್ಟು ಬಿತ್ತು. ಎತ್ತಿ ನೋಡಿದರೆ, ಸರಿಯಾಗಿ ಮದುಮಗಳು ಕೂರುವ ಜಾಗದಲ್ಲಿ ಹೆಬ್ಬೆರಳು ಕೂರುವಷ್ಟು ನೆಗ್ಗು.

ಮನೆಗೆ ತಂದು ಸುಪ್ರಜಾಗೆ ತೋರಿಸಿದೆ. ಅವಳು ಬೈಯಲಿಲ್ಲ, ಅದೇ ಭಯವಾಗಿದ್ದು. ಗೋಡೆಗೆ ಒರಗಿ, ‘ಅಣ್ಣನೇ ಬೇಕಂತ ಮಾಡಿಸಿದ ಅಂತಾಳ್ರೀ ಅಕ್ಕ. ಇನ್ನು ಈ ಜನ್ಮದಲ್ಲಿ ಆ ಇಬ್ಬರೂ ಮಾತಾಡಲ್ಲ’ ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಮಣೆಯ ಮೇಲೆ ಬೆರಳಾಡಿಸಿ, ನಾರು ತುಂಡಾಗಿಲ್ಲ, ಒಂದು ಗಂಟೆ ಟೈಮ್ ಕೊಡು ಎಂದೆ. ಆಗ ಹನ್ನೊಂದೂವರೆ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಸಿಕ್ಕಿಸಿದೆ. ಕರೆಂಟು ಹೋಗಿತ್ತು. ಬೇಸಿಗೆಯ ಲೋಡ್‌ಶೆಡ್ಡಿಂಗು, ಸಂಜೆ ಐದರವರೆಗೆ ಬರುವುದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು.

ಬೀದಿಯ ತುದಿಯಲ್ಲಿ, ಹೊಂಗೆ ಮರದ ಕೆಳಗೆ, ಮುರುಗೇಶನ ಇಸ್ತ್ರಿ ಗಾಡಿ. ಕೆಂಡ ತುಂಬಿದ ಆರು ಕಿಲೋ ಪೆಟ್ಟಿಗೆ, ಕರೆಂಟಿನ ಹಂಗಿಲ್ಲ. ಮಣೆಯನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಹೋಗಿ ಅವನ ಗಾಡಿಯ ಮೇಲಿಟ್ಟು, ಇದಕ್ಕೆ ಇಸ್ತ್ರಿ ಹಾಕಬೇಕು ಎಂದೆ. ಮುರುಗೇಶ ಮಣೆಯನ್ನು ನೋಡಿದ, ನನ್ನನ್ನು ನೋಡಿದ. ಇಪ್ಪತ್ತು ವರ್ಷದಿಂದ ಈ ಬೀದಿಯ ಜನರ ಬಟ್ಟೆ ತಿಕ್ಕಿ ಎಲ್ಲರ ಗುಟ್ಟೂ ಬಲ್ಲವನು ಅವನು. ‘ಎರಡೂ ಕಡೆನಾ ಸಾರ್, ಒಂದೇ ಕಡೆನಾ’ ಎಂದಷ್ಟೇ ಕೇಳಿದ.

ನೆಗ್ಗಿನ ಮೇಲೆ ನೀರು ಬಿಟ್ಟು, ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಒದ್ದೆ ಮಾಡಿ ಹಾಸಿದೆ. ಮುರುಗೇಶ ಪೆಟ್ಟಿಗೆ ಇಟ್ಟ. ಹಬೆ ಬುಸ್ ಎಂದು ಎದ್ದು ಮರದ ಕೊಂಬೆಯವರೆಗೂ ಹೋಯಿತು. ಐದು ಎಣಿಸಿ ಎತ್ತಿಸಿದೆ. ನೆಗ್ಗು ಕಾಲು ಭಾಗ ಎದ್ದಿತ್ತು. ಮತ್ತೆ ನೀರು, ಮತ್ತೆ ಪೆಟ್ಟಿಗೆ. ಅರ್ಧ. ಮೂರನೇ ಸಲ ಸುಟ್ಟ ವಾಸನೆ ಬಂತು, ನನ್ನ ಜೀವ ಹಾರಿಹೋಯಿತು. ಸುಟ್ಟಿದ್ದು ಪಂಚೆ. ನಾಲ್ಕನೇ ಸಲ ಪೆಟ್ಟಿಗೆ ಎತ್ತಿ, ಅಂಗೈ ಆಡಿಸಿದರೆ ಮಣೆ ಮಟ್ಟಸ. ಮುರುಗೇಶನೂ ಆಡಿಸಿ ನೋಡಿದ. ಸಂತೋಷದಲ್ಲಿ ನಾನು ಅವನ ಕೈ ಕುಲುಕುತ್ತಿದ್ದಾಗ ಹಿಂದೆ ಗಿರಿಜಾಂಬಾ ನಿಂತಿದ್ದರು.

ಗಿರಿಜಾಂಬಾ ನಮ್ಮ ಎದುರುಮನೆಯವರು, ಚಿಕ್ಕಪೇಟೆಯಲ್ಲಿ ಅವರ ಯಜಮಾನರದು ಜವಳಿ ಅಂಗಡಿ. ಕೆಟ್ಟ ಮನಸ್ಸಿನವರಲ್ಲ. ನೋಡಿದ್ದನ್ನು ನೋಡಿದ ಹಾಗೆ, ನೋಡಿದ ಕೂಡಲೇ ಹೇಳುವವರು, ಅದೊಂದೇ ತೊಂದರೆ. ಸೀರೆ ಇಸ್ತ್ರಿಗೆ ಕೊಟ್ಟು ನೇರ ನಮ್ಮ ಮನೆಗೆ ಹೋದರು. ಅಲ್ಲಿ ಮದುವೆಗೆಂದು ಬಂದ ಏಳೆಂಟು ಹೆಂಗಸರು ಹೂವು ಕಟ್ಟುತ್ತಿದ್ದರು. ಸುಪ್ರಜಾ ಒಳಗಿದ್ದಳು. ‘ನಿಮ್ಮಲ್ಲಿ ಮದುವೆ ಮಣೇನ ಹಿಂದಿನ ದಿನ ಬೇಯಿಸೋ ಪದ್ಧತಿನಾ? ಮುರುಗೇಶನ ಗಾಡಿ ಮೇಲೆ ಇಡ್ಲಿ ಹಬೆ ಬಂದ ಹಾಗೆ ಬರ್ತಾ ಇತ್ತು’ ಎಂದು ಅವರು ಅತ್ಯಂತ ಗೌರವದಿಂದ ಕೇಳಿದರಂತೆ. ಹೂವು ಕಟ್ಟುವುದು ನಿಂತಿತು.

ಬೇಯಿಸಿದ್ದು ಎಂಬ ಒಂದು ಮಾತು ಸಾಕು ನಮ್ಮ ಕಡೆಯವರಿಗೆ. ನೀರು ಹಾಕಿ ಬೇಯಿಸಿದ್ದೆಲ್ಲ ಮುಸುರೆ. ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನಕಾಯಿ ಜಾಡಿ ಮುಟ್ಟುವಂತಿಲ್ಲ, ದೇವರ ಮನೆಯ ಕಡೆಗಂತೂ ಸುಳಿಯುವಂತಿಲ್ಲ. ಮದುವೆಯ ಹಸೆಮಣೆಯೇ ಬೆಂದಿದ್ದರೆ? ನಾನು ಮಣೆ ಹೊತ್ತು ಗೆದ್ದವನಂತೆ ಒಳಗೆ ಬಂದಾಗ ಹೆಂಗಸರೆಲ್ಲ ಸೀರೆ ಸೆರಗು ಎತ್ತಿ ಹಿಡಿದು ದಾರಿ ಬಿಟ್ಟರು. ಒಬ್ಬ ಅಜ್ಜಿ, ಅದನ್ನು ಅಡುಗೆಮನೆಯಲ್ಲಿ ಇಡು, ನಡುಮನೆಗೆ ತರಬೇಡ ಎಂದರು. ಹಬೆ ಬೇರೆ, ಬೇಯಿಸುವುದು ಬೇರೆ ಎಂದು ನಾನು ವಿಜ್ಞಾನ ಹೇಳಹೋದೆ. ಹಾಗಾದರೆ ಇಡ್ಲಿ ಹಸಿಯದೇನು ಎಂದು ಅಜ್ಜಿ ಕೇಳಿದರು. ಇದಕ್ಕೆ ಪುರವಣಿಯಲ್ಲಿ ಉತ್ತರ ಇರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಪುರೋಹಿತರು ವಸಿಷ್ಠಾಚಾರ್ ಬಂದರು. ಮೂವತ್ತು ದಾಟದ ವಯಸ್ಸು, ಹೊಸ ಪೇಜರು, ಮುಖದಲ್ಲಿ ನ್ಯಾಯಾಧೀಶರ ಕಳೆ. ಮಣೆಯನ್ನು ಮುಟ್ಟದೆ ಸುತ್ತಲೂ ನಡೆದು ನೋಡಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಆರಂಭಿಸಿದರು. ನೀರು ಹಾಕಿದ್ದು ನಿಜವೇ? ನಿಜ. ಬೆಂಕಿ ತೋರಿಸಿದ್ದು? ನಿಜ. ಉಪ್ಪು ಬಿದ್ದಿತ್ತೇ? ಇಲ್ಲ. ಉಪ್ಪಿಲ್ಲ ಎಂಬುದು ನನ್ನ ಪರವಾದ ಅಂಶ ಎಂದು ಅವರು ತಲೆಯಾಡಿಸಿದಾಗ ಸ್ವಲ್ಪ ಉಸಿರು ಬಂತು. ತುಪ್ಪವಾಗಲಿ ಎಣ್ಣೆಯಾಗಲಿ ಸೋಕಿದೆಯೇ, ಕರಿದದ್ದಾದರೆ ದೋಷ ಕಡಿಮೆ ಎಂದರು. ಬಣ್ಣ ಒಂದೇ ಆಗಲಿ ಎಂದು ಆ ಜಾಗಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿದ್ದೇನೆ ಎಂದು ನಾನು ಹುರುಪಿನಿಂದ ಹೇಳಿದೆ.

‘ಎಣ್ಣೆ ಬೇಯಿಸೋಕೆ ಮುಂಚೆಯೋ, ಆಮೇಲೋ?’

‘ಆಮೇಲೆ.’

‘ಆಮೇಲೆ ಹಾಕಿದ್ರೆ ಅದು ಒಗ್ಗರಣೆ ಆಗುತ್ತೆ ವಾದಿರಾಜ್ರೇ. ಕರಿದದ್ದು ಅಂತ ಆಗಲ್ಲ.’

ಸಭೆ ಒಪ್ಪಿತು. ಮಣೆ ಈಗ ಬೆಂದು ಒಗ್ಗರಣೆಯೂ ಬಿದ್ದ ಪದಾರ್ಥ. ನನಗೆ ಮೈಯೆಲ್ಲ ಉರಿಯಿತು, ಆದರೆ ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. ನಾಲ್ಕೂವರೆಗೆ ರಾಹುಕಾಲ ಹಿಡಿಯುತ್ತದೆ. ಅಷ್ಟರೊಳಗೆ ಹಸೆ ಬರೆಯದಿದ್ದರೆ ಸಂಜೆ ಛತ್ರಕ್ಕೆ ಈ ಮಣೆ ಹೋಗುವುದಿಲ್ಲ. ಸುಪ್ರಜಾ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಿದ್ದಳು. ಆರಾಧನಾ ಕೈತುಂಬ ಮೆಹಂದಿ ಹಚ್ಚಿಕೊಂಡು ಯಾವುದನ್ನೂ ಮುಟ್ಟಲಾರದೆ, ಅತ್ತೆಗೆ ಯಾರೂ ಹೇಳಬೇಡಿ ಎಂದು ಒಬ್ಬೊಬ್ಬರನ್ನೇ ಬೇಡಿಕೊಳ್ಳುತ್ತಿದ್ದಳು. ಎಲ್ಲರ ಹೆದರಿಕೆಗೂ ಕಾರಣವಿತ್ತು. ಮಡಿಯ ವಿಷಯದಲ್ಲಿ ಗೋದಕ್ಕನಷ್ಟು ಕಟ್ಟುನಿಟ್ಟು ಚಾಮರಾಜಪೇಟೆಯಲ್ಲೇ ಇನ್ನೊಬ್ಬರಿರಲಿಲ್ಲ. ಅಂಚೆಯವನು ಕೊಟ್ಟ ಕಾಗದಕ್ಕೂ ನೀರು ಚಿಮುಕಿಸಿ ಓದುವವರು.

ಅಷ್ಟರಲ್ಲಿ ಭಾವ ಓಡಿಬಂದರು. ಛತ್ರದಿಂದ ಬಂದಿದ್ದರು, ಅಂಗಿಯೆಲ್ಲ ಬೆವರು. ನಡೆದದ್ದನ್ನು ಹತ್ತು ಜನ ಒಟ್ಟಿಗೆ ಹೇಳಿದರು. ಗಂಡಿನ ಕಡೆಯವರು ಆರು ಗಂಟೆಗೆ ಬರುತ್ತಾರೆ, ಅವರ ಕಿವಿಗೆ ಬಿದ್ದರೆ ಕಷ್ಟ ಎಂದು ಆಚಾರ್ಯರು ಸೇರಿಸಿದರು. ಭಾವ ಮಣೆಯನ್ನು ನೋಡಿದರು, ಮಗಳನ್ನು ನೋಡಿದರು, ಆಮೇಲೆ ನೆರೆದಿದ್ದವರ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದರು. ಅವರು ಹಾಗೆ ಸುತ್ತು ನೋಡಿದರೆ ಏನೋ ಎಡವಟ್ಟು ಮಾಡುತ್ತಾರೆಂದು ನನಗೆ ಗೊತ್ತಿರಬೇಕಿತ್ತು.

‘ಆಯ್ತು ಬಿಡಿ. ಛತ್ರದ್ದೇ ಒಂದು ಮಣೆ ಇದೆ. ಇದನ್ನ ಪಕ್ಕಕ್ಕೆ ಇಡಿ’ ಎಂದರು.

ಬಾಗಿಲಲ್ಲಿ ಗೋದಕ್ಕ ನಿಂತಿದ್ದರು. ಒಂದು ಕೈಯಲ್ಲಿ ಕೆಮ್ಮಣ್ಣಿನ ಡಬ್ಬಿ, ಇನ್ನೊಂದು ಕೈಯಲ್ಲಿ ರಂಗೋಲಿ ಹಿಟ್ಟಿನ ಪೊಟ್ಟಣ.

ಮನೆಯಲ್ಲಿದ್ದ ಹದಿನೈದು ಜನರೂ ಬಾಗಿಲ ಕಡೆ ತಿರುಗಿದರು. ಭಾವನ ಮುಖ ಸುಣ್ಣದಂತಾಯಿತು. ಗೋದಕ್ಕ ಒಳಗೂ ಬರಲಿಲ್ಲ, ಹಿಂದಕ್ಕೂ ತಿರುಗಲಿಲ್ಲ. ತಮ್ಮನ ಕಡೆ ನೋಡದೆ ನನ್ನನ್ನು, ಏನನ್ನ ಪಕ್ಕಕ್ಕೆ ಇಡಬೇಕಂತೆ ಎಂದು ಕೇಳಿದರು. ನನ್ನ ನಾಲಿಗೆ ಒಣಗಿತ್ತು. ಆಚಾರ್ಯರಿಗೆ ಒಣಗಿರಲಿಲ್ಲ. ಮಡಿವಂತರಾದ ಗೋದಕ್ಕನವರು ತಮ್ಮ ಪಕ್ಷಕ್ಕೇ ಸೇರುತ್ತಾರೆಂಬ ಭರವಸೆಯಲ್ಲಿ ಅವರು ನೆಗ್ಗು, ನೀರು, ಇಸ್ತ್ರಿ ಗಾಡಿ, ಕೊಬ್ಬರಿ ಎಣ್ಣೆ ಎಲ್ಲವನ್ನೂ ಕ್ರಮವಾಗಿ ವಿವರಿಸಿದರು.

ಗೋದಕ್ಕ ಒಳಗೆ ಬಂದು ಮಣೆಯ ಮುಂದೆ ಕೂತರು. ಅಂಗೈಯನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಆಡಿಸಿದರು. ಎಣ್ಣೆ ತಿಕ್ಕಿದ ಜಾಗದಲ್ಲಿ ಕೈ ಒಂದು ಕ್ಷಣ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ಆ ಕ್ಷಣದಲ್ಲಿ ಜೀವಮಾನದ ಬಡಗಿತನವನ್ನೆಲ್ಲ ಮನಸ್ಸಿನಲ್ಲೇ ತ್ಯಜಿಸಿದೆ.

‘ಬೇಯಿಸು ಅಂತ ನಾನೇ ಹೇಳಿದ್ದೆ’ ಎಂದರು ಆಚಾರ್ಯರಿಗೆ.

ಆಚಾರ್ಯರ ಬಾಯಿ ತೆರೆದೇ ಉಳಿಯಿತು. ನನ್ನದೂ ಉಳಿಯಿತು. ಗೋದಕ್ಕ ಸುಳ್ಳು ಹೇಳಿದ್ದನ್ನು ನಾನು ಇಪ್ಪತ್ತಾರು ವರ್ಷದಲ್ಲಿ ಕೇಳಿರಲಿಲ್ಲ. ಮಡಿಯ ಗೋದಕ್ಕನೇ ಹೇಳಿದ್ದೆಂದ ಮೇಲೆ ಇಡ್ಲಿಯ ಅಜ್ಜಿ ಕೂಡಲೇ ಪಕ್ಷ ಬದಲಾಯಿಸಿ, ಹಿಂದಿನ ಕಾಲದಲ್ಲಿ ಹೀಗೆ ಮಾಡುತ್ತಿದ್ದರು ಎಂದು ಪಕ್ಕದವರಿಗೆ ಹೇಳತೊಡಗಿದರು.

ಆದರೆ ಗೋದಕ್ಕ ಮುಗಿಸಿರಲಿಲ್ಲ. ಮಣೆಯ ಮೇಲಿಂದ ಕೈ ತೆಗೆಯದೆ, ‘ವಾದಿರಾಜ, ಪಕ್ಕಕ್ಕೆ ಇಡಿ ಅಂದಿದ್ದು ಯಾರು ಅಂತ ಕೇಳು’ ಎಂದರು.

ಭಾವ ಮೂರು ಅಡಿ ದೂರದಲ್ಲಿ ನಿಂತಿದ್ದರು. ನಾನು ಅವರ ಕಡೆ ತಿರುಗಿ, ಯಾರು ಅಂತ ಕೇಳ್ತಿದಾರೆ ಎಂದೆ.

‘ನಾನು ಅಂತ ಹೇಳು’ ಎಂದರು ಭಾವ.

ಅವರೇ ಅಂತೆ ಎಂದು ನಾನು ಈ ಕಡೆ ತಿರುಗಿ ಹೇಳಿದೆ.

‘ಮಣೆ ಪಕ್ಕಕ್ಕೆ ಹೋದ್ರೆ ಅದನ್ನ ಎತ್ತಿಕೊಂಡು ನಾನೂ ಹೋಗ್ತೀನಿ ಅಂತ ಹೇಳು. ಈ ಸಲ ಹೋದ್ರೆ ನನ್ನ ಮುಖ ನೋಡೋಕೂ ಬರೋದು ಬೇಡ ಅಂತ ಹೇಳು.’

ಇದನ್ನು ದಾಟಿಸಲು ನನಗೆ ಬಾಯಿ ಬರಲಿಲ್ಲ. ಆರಾಧನಾ ಮೆಹಂದಿ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಅಳುತ್ತಿದ್ದಳು, ಒರೆಸಿಕೊಳ್ಳಲೂ ಆಗದು. ಗಿರಿಜಾಂಬಾ ಸೆರಗಿನಿಂದ ಅವಳ ಕಣ್ಣು ಒರೆಸುತ್ತಿದ್ದರು. ಗಡಿಯಾರದಲ್ಲಿ ನಾಲ್ಕೂ ಐದು. ಭಾವ ಒಂದು ಹೆಜ್ಜೆ ಮುಂದೆ ಬಂದು ನಿಂತರು. ಈ ಸಲ ಅವರು ಯಾರ ಮುಖವನ್ನೂ ನೋಡಲಿಲ್ಲ, ನೆಲ ನೋಡಿದರು.

‘ಅವತ್ತು ಹಾಗಂದಿದ್ದು ತಪ್ಪು ಅಂತ ಹೇಳು ವಾದಿರಾಜ. ಅಂದ ತಕ್ಷಣವೇ ನನಗೆ ಗೊತ್ತಾಯ್ತು ಅಂತ ಹೇಳು. ಗೇಟಿನವರೆಗೂ ಓಡಿ ಬಂದೆ, ಅಷ್ಟರಲ್ಲಿ ಬಸ್ ಹೊರಟುಹೋಗಿತ್ತು. ನಾಳೆ ಆರತಿ ಅವಳೇ ಎತ್ತಬೇಕು ಅಂತ ಹೇಳು. ಬೇರೆ ಯಾರು ಎತ್ತಿದ್ರೂ ನಾನು ಧಾರೆ ಎರೆಯಲ್ಲ.’

ನಾನು ತಿರುಗಿ, ‘ಅತ್ತಿಗೆ, ಅವರು ಏನಂತಾರೆ ಅಂದ್ರೆ’ ಎಂದು ಶುರುಮಾಡಿದೆ. ಗೋದಕ್ಕ ಕೈಯೆತ್ತಿ ತಡೆದರು. ಆಚಾರ್ಯರು ಮೆಲ್ಲಗೆ, ಆರತಿಯ ವಿಷಯದಲ್ಲಿ ಮುತ್ತೈದೆಯರು ಎಂದೇನೋ ಆರಂಭಿಸಿದರು. ಗೋದಕ್ಕ ಅವರತ್ತ ಒಮ್ಮೆ ನೋಡಿದರು, ಅಷ್ಟೆ. ಆಚಾರ್ಯರು ಪೇಜರು ತೆಗೆದು ಓದತೊಡಗಿದರು. ಅದರಲ್ಲಿ ಏನೂ ಬಂದಿರಲಿಲ್ಲ.

ಗೋದಕ್ಕ ಆರತಿಗೆ ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಮೂಗು ಒರೆಸಿಕೊಂಡು, ಸುಪ್ರಜಾಳಿಗೆ ಎರಡು ಬಿಂದಿಗೆ ನೀರು ತರಹೇಳಿದರು. ಮುಸುರೆಯಾದರೆ ತೊಳೆಯಬೇಕು, ಅದಕ್ಕೆ ಇಷ್ಟು ಸಭೆ ಯಾಕೆ ಎಂದರು. ಹಿತ್ತಿಲ ಕಲ್ಲಿನ ಮೇಲೆ ಮಣೆಯಿಟ್ಟು ತಾವೇ ಸೀಗೆಪುಡಿ ಹಾಕಿ ಉಜ್ಜಿದರು. ನನ್ನ ಒಗ್ಗರಣೆ ಹರಿದು ತುಳಸಿಕಟ್ಟೆಯ ಪಕ್ಕದ ಮೋರಿ ಸೇರಿತು. ನೆಗ್ಗು ಮಾತ್ರ ಮತ್ತೆ ಬೀಳಲಿಲ್ಲ, ಇದನ್ನು ಇಲ್ಲಿ ದಾಖಲಿಸಲೇಬೇಕು. ಮಣೆ ನಡುಮನೆಗೆ ಮರಳಿತು. ಆಗ ಹೊಸ ಸಂಕಟ ಶುರುವಾಯಿತು. ಒದ್ದೆ ಹಲಗೆಯ ಮೇಲೆ ಕೆಮ್ಮಣ್ಣು ನಿಲ್ಲುವುದಿಲ್ಲ. ಸಮಯ ನಾಲ್ಕೂ ಹದಿನಾಲ್ಕು. ಫ್ಯಾನು ಹಾಕೋಣವೆಂದರೆ ಕರೆಂಟಿಲ್ಲ. ಬಿಸಿಲಿಗಿಡೋಣವೆಂದರೆ ಹಿತ್ತಿಲಿಗೆ ನೆರಳು ಬಿದ್ದಿತ್ತು. ಮುರುಗೇಶನ ಹತ್ತಿರ ಒಯ್ಯೋಣವೇ ಎಂದು ನಾನು ಬಾಯಿತಪ್ಪಿ ಕೇಳಿದೆ. ಹದಿನೈದು ಜನ ನನ್ನ ಕಡೆ ತಿರುಗಿದ್ದು ನೋಡಿ ಮಾತು ನುಂಗಿಕೊಂಡೆ.

ಬೀಸಿ ಎಂದರು ಗೋದಕ್ಕ. ಕೈಗೆ ಸಿಕ್ಕಿದ್ದು ಹಂಚದೆ ಉಳಿದ ಲಗ್ನಪತ್ರಿಕೆಯ ಕಟ್ಟು. ಒಬ್ಬೊಬ್ಬರಿಗೆ ಎರಡೆರಡು ಬಂತು. ಮಣೆಯ ಸುತ್ತ ಎಲ್ಲರೂ ಮಂಡಿಯೂರಿ ಬೀಸತೊಡಗಿದರು. ಅಜ್ಜಿ ಬೀಸಿದರು, ಗಿರಿಜಾಂಬಾ ಬೀಸಿದರು, ಆಚಾರ್ಯರು ಪಂಚಾಂಗದಿಂದ ಬೀಸಿದರು. ಭಾವ ಎಲ್ಲರಿಗಿಂತ ಆಚೆ, ಮಣೆಯ ಕೊನೆಯಲ್ಲಿ ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು, ಯಾವ ಕಡೆಗೆ ಬೀಸುತ್ತಿದ್ದೇನೆಂಬ ಅರಿವಿಲ್ಲದೆ ನನ್ನ ಮುಖಕ್ಕೆ ಬೀಸುತ್ತಿದ್ದರು. ಗೋದಕ್ಕ ಎರಡು ಸಲ ಅಂಗೈಯಿಟ್ಟು ನೋಡಿ, ಇನ್ನೂ ಆರಿಲ್ಲ ಎಂದರು. ನಾಲ್ಕೂ ಇಪ್ಪತ್ತು. ಮೂರನೇ ಸಲ ಕೈಯಿಟ್ಟು, ಮಣೆಯ ಆ ಕೊನೆಯನ್ನು ಮುಟ್ಟಿ, ತಲೆಯೆತ್ತಿದರು.

‘ಸ್ವಲ್ಪ ಜೋರಾಗಿ ಬೀಸೋ ಶ್ರೀಪತಿ. ಆ ಕಡೆ ಒಣಗೇ ಇಲ್ಲ.’

ಬೀಸಣಿಗೆಗಳೆಲ್ಲ ಒಂದು ಗಳಿಗೆ ನಿಂತವು. ಭಾವ ಪತ್ರಿಕೆ ಹಿಡಿದ ಕೈಯನ್ನು ಗಾಳಿಯಲ್ಲೇ ಇಟ್ಟುಕೊಂಡು ಅಕ್ಕನನ್ನೇ ನೋಡುತ್ತಿದ್ದರು. ಅವರು ಅಲುಗಾಡದ್ದು ಕಂಡು, ಹನ್ನೊಂದು ವರ್ಷದ ಅಭ್ಯಾಸಬಲದಿಂದ ನಾನು ಅವರ ಕಡೆ ತಿರುಗಿ, ‘ಜೋರಾಗಿ ಬೀಸಬೇಕಂತೆ ಭಾವ’ ಎಂದೆ.

‘ನೀನು ಸುಮ್ಮನಿರೋ’ ಎಂದರು ಅಕ್ಕ ತಮ್ಮ ಇಬ್ಬರೂ, ಒಟ್ಟಿಗೆ.